ಇಸ್ತ್ರಿ ಹಾಕಿದ ರಿಸೀಟು

ಇಸ್ತ್ರಿಪೆಟ್ಟಿಗೆ ಕೈಗೆ ಸಿಕ್ಕರೆ ಸಾಕು, ನಮ್ಮ ಮನೆಯವರಿಗೆ ಲೋಕವೆಲ್ಲ ಸುಕ್ಕುಬಿದ್ದ ಪ್ಯಾಂಟಿನಂತೆಯೇ ಕಾಣುತ್ತದೆ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮಾಬುಸಾಬರ ಜೀನ್ಸ್ ಕಾರ್ಖಾನೆ ಇದೆ. ಅಲ್ಲಿ ಹೊಲಿದು, ತೊಳೆದು ಬಂದ ಪ್ಯಾಂಟುಗಳಿಗೆ ಇಸ್ತ್ರಿ ಹಾಕುವುದು ಅವರ ಕೆಲಸ, ಮಿಕ್ಕ ದಾರ ಕತ್ತರಿಸುವುದು ನನ್ನ ಕೆಲಸ. ಪ್ಯಾಂಟಿಗೆ ಹಾಕಲಿ, ಯಾರು ಬೇಡವೆಂದರು? ಆದರೆ ಈ ಮನುಷ್ಯ ನೆಂಟರ ಲಗ್ನಪತ್ರಿಕೆಗೂ ಇಸ್ತ್ರಿ ಹಾಕುತ್ತಾರೆ, ಮಗಳ ಮಾರ್ಕ್ಸ್ ಕಾರ್ಡಿಗೂ ಹಾಕುತ್ತಾರೆ. ಹೆದರಿಕೆಯಾದರಂತೂ ಕೇಳುವುದೇ ಬೇಡ. ನಮ್ಮ ಮಾವ ತೀರಿಕೊಂಡ ಸುದ್ದಿ ಬಂದ ದಿನ ಮನೆಯಲ್ಲಿದ್ದ ಟವೆಲ್ಲುಗಳಿಗೆಲ್ಲ ಇಸ್ತ್ರಿ ಹಾಕಿ, ಮಡಚಿಟ್ಟು, ಆಮೇಲೆ ಕೂತು ಅತ್ತರು. ನಾನು ಹೆದರಿದರೆ ಬೈಯುತ್ತೇನೆ, ಅವರು ಹೆದರಿದರೆ ಇಸ್ತ್ರಿ ಹಾಕುತ್ತಾರೆ. ಹೀಗೆಯೇ ನಮ್ಮ ಸಂಸಾರ ನಡೆದುಕೊಂಡು ಬಂದಿದೆ.

ನಮ್ಮವ್ವ ಈರಮ್ಮ ಕುರುಗೋಡಿನಲ್ಲಿ ನನ್ನ ತಮ್ಮನ ಮನೆಯಲ್ಲಿ ಇರುವವಳು. ನನ್ನನ್ನು ನೋಡಿ ಹೋಗೋಣವೆಂದು ಬಳ್ಳಾರಿ ಬಸ್ಸು ಹತ್ತುವಾಗ ಮೆಟ್ಟಿಲ ಮೇಲೆ ಕಾಲು ಜಾರಿ ಬಿದ್ದಳು. ಸೊಂಟದ ಕೀಲು ಮುರಿದಿತ್ತು. ಬಳ್ಳಾರಿಯ ಒಂದು ಖಾಸಗಿ ಆಸ್ಪತ್ರೆಗೆ ತಂದು ಹಾಕಿದೆವು. ಮುರಿದ ಕೀಲಿನ ಜಾಗಕ್ಕೆ ಸ್ಟೀಲಿನದೊಂದು ಬಾಲು ಕೂಡಿಸಬೇಕು, ಕೂಡಿಸುವ ದೊಡ್ಡ ಡಾಕ್ಟರು ಹೊರಗಿನಿಂದ ವಾರಕ್ಕೊಮ್ಮೆ, ಗುರುವಾರ ಮಾತ್ರ ಬರುತ್ತಾರೆ ಎಂದರು. ಬಾಲು ಆಸ್ಪತ್ರೆಯವರು ಕೊಡುವುದಿಲ್ಲ. ಹತ್ತಿರದ ಸರ್ಜಿಕಲ್ ಅಂಗಡಿಯಲ್ಲಿ ದುಡ್ಡು ಕಟ್ಟಿ ರಿಸೀಟು ತರಬೇಕು. ರಿಸೀಟು ಬಂದರೆ ಅವ್ವನ ಹೆಸರು ಗುರುವಾರದ ಪಟ್ಟಿಗೆ ಹೋಗುತ್ತದೆ, ಬರದಿದ್ದರೆ ಮುಂದಿನ ಗುರುವಾರ.

ಮುಂದಿನ ಗುರುವಾರ ಎನ್ನುವ ಮಾತು ಕೇಳಿದರೆ ನನ್ನ ಕಣ್ಣು ಪಕ್ಕದ ಮಂಚದ ಕಡೆ ಹೋಗುತ್ತಿತ್ತು. ಅಲ್ಲಿ ತೆಕ್ಕಲಕೋಟೆಯ ಒಬ್ಬ ಅಜ್ಜಿ ಇದ್ದಳು. ಅವಳಿಗೂ ಇದೇ ಮುರಿತ. ಏನೋ ಒಂದು ಕಾರಣಕ್ಕೆ ಹೋದ ವಾರದ ಆಪರೇಷನ್ ತಪ್ಪಿತ್ತು. ಅಂಗಾತ ಮಲಗಿ ಮಲಗಿ ಬೆನ್ನು ಹುಣ್ಣಾಗಿತ್ತು, ಎದೆಯಲ್ಲಿ ಕಫ ಕಟ್ಟಿ ಉಸಿರು ಗೊರಗೊರ ಎನ್ನುತ್ತಿತ್ತು. ಆ ಸದ್ದು ಕೇಳುತ್ತಾ ನಾನು ಅವ್ವನ ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ.

ಮಂಗಳವಾರ ಸಂಜೆ ದುಡ್ಡು ಕೂಡಿತು. ನನ್ನ ಬೆಂಡೋಲೆ, ತಮ್ಮನ ಬೈಕು, ಮಾಬುಸಾಬರು ಕೊಟ್ಟ ಮುಂಗಡ, ಎಲ್ಲ ಸೇರಿ ನೋಟಿನ ಕಟ್ಟುಗಳಾದವು. ಫೋನಿನಲ್ಲಿ ಕಳಿಸಲು ನಮ್ಮ ಖಾತೆಯಲ್ಲಿ ಅಷ್ಟು ಎಂದಾದರೂ ಇದ್ದರಲ್ಲವೇ! ನಮ್ಮ ಮನೆಯವರು ಸರ್ಜಿಕಲ್ ಅಂಗಡಿಗೆ ಹೋಗಿ ಕಟ್ಟಿದರು. ಅಂಗಡಿಯ ಯಜಮಾನ ಊರಲ್ಲಿರಲಿಲ್ಲವಂತೆ. ಕೆಲಸದ ಹುಲಿಗೇಶ ಎನ್ನುವವನು ದುಡ್ಡು ಎಣಿಸಿಕೊಂಡು, ಬಸ್ ಕಂಡಕ್ಟರರ ಕೈಯಲ್ಲಿರುತ್ತದಲ್ಲ ಅಂಥ ಸಣ್ಣ ಮಿಷನ್ನಿನಿಂದ ರಿಸೀಟು ಹರಿದು ಕೊಟ್ಟನಂತೆ.

ಅದೇ ಹೊತ್ತಿಗೆ ಇಲ್ಲಿ ನರ್ಸಮ್ಮ ಔಷಧಿ ಕೊಡುತ್ತಾ ಗಟ್ಟಿಯಾಗಿ ಹೇಳಿದಳು, "ನಾಳೆ ನಾಲ್ಕರೊಳಗ ರಿಸೀಟ್ ಬರಬೇಕು ನೋಡ್ರಿ. ರಿಸೀಟ್ ಬರ್ಲಿಲ್ಲಂದ್ರ ಆಪ್ರೇಶನ್ ಇಲ್ಲ."

ಅವಳು ಅತ್ತ ಹೋದ ಮೇಲೆ ಅವ್ವ ನನ್ನ ಸೆರಗು ಜಗ್ಗಿದಳು.

"ನೇತ್ರಾ, ರಿಸೀಟ್ ಅಂದ್ರ ಯಾರವ್ವಾ? ದೊಡ್ಡ ಡಾಕ್ಟರೇನು? ಯಾವೂರಿಂದ ಬರ್ತಾರ?"

ಅದು ರಸೀದಿ ಎಂದು ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ನನಗೆ ಹಿಂದಿನ ದಿನದಿಂದ ನಿದ್ದೆಯಿರಲಿಲ್ಲ, ತಲೆ ಕೆಟ್ಟು ಕೆರ ಹಿಡಿದಿತ್ತು. "ಹ್ಞೂಂ, ಬರ್ತಾರ. ನೀ ಸುಮ್ಕ ಮಕ್ಕೋ," ಎಂದೆ.

"ಬರ್ತಾರಲ್ಲ? ಖರೇ ಬರ್ತಾರಲ್ಲ?" ಎಂದು ಅವ್ವ ಇನ್ನೊಮ್ಮೆ ಕೇಳಿ ಕಣ್ಣು ಮುಚ್ಚಿದಳು.

ಬುಧವಾರ ಬೆಳಿಗ್ಗೆ ಮುಖ ತೊಳೆದು ಬಂದು ನೋಡುತ್ತೇನೆ, ಪಕ್ಕದ ಮಂಚ ಖಾಲಿ. ಹಾಸಿಗೆಯನ್ನೂ ಸುತ್ತಿಟ್ಟಿದ್ದರು. ಎಲ್ಲಿ ಹೋದಳೆಂದು ಕೇಳಿದರೆ ನರ್ಸಮ್ಮ ನನ್ನ ಮುಖ ನೋಡದೆ, "ಕರ್ಕೊಂಡು ಹೋದ್ರಿ," ಎಂದಳು. ಯಾರು ಕರೆದುಕೊಂಡು ಹೋದರು, ಜೀವಂತ ಕರೆದುಕೊಂಡು ಹೋದರೋ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. 

ಅಷ್ಟರಲ್ಲಿ ನಮ್ಮ ಮನೆಯವರು ಬಂದರು. ಬಲಗೈ ಮುಷ್ಟಿ ಕಟ್ಟಿತ್ತು. ಮುಖದಲ್ಲಿ ರಕ್ತವಿರಲಿಲ್ಲ.

"ರಿಸೀಟ್ ತಂದ್ರೇನ್ರಿ?" ಎಂದೆ.

ಅವರು ಮುಷ್ಟಿ ಬಿಚ್ಚಿದರು. ಅಂಗೈಯಲ್ಲಿ ಒಂದು ಕಪ್ಪು ಕಾಗದದ ಪಟ್ಟಿ ಇತ್ತು. ಒಂದು ಸುಕ್ಕಿಲ್ಲ, ಒಂದು ಮಡಿಕೆಯಿಲ್ಲ, ಗರಿಗರಿಯಾಗಿತ್ತು. ಒಂದು ಅಕ್ಷರವೂ ಇರಲಿಲ್ಲ.

ನಡೆದದ್ದು ಇಷ್ಟು. ರಾತ್ರಿ ಆಸ್ಪತ್ರೆಯ ಕೌಂಟರು ಮುಚ್ಚಿರುತ್ತದೆಂದು ಅಂಗಡಿಯಿಂದ ನೇರ ಮನೆಗೆ ಹೋಗುವಾಗ, ಬಿದ್ದುಹೋದೀತೆಂಬ ಹೆದರಿಕೆಗೆ ರಿಸೀಟನ್ನು ಮುಷ್ಟಿಯಲ್ಲೇ ಹಿಡಿದುಕೊಂಡಿದ್ದರು. ಬೆವರಿಗೆ ಅದು ಮುದ್ದೆಯಾಯಿತು. ಬೆಳಿಗ್ಗೆ ರಜೆ ಹೇಳಲು ಕಾರ್ಖಾನೆಗೆ ಹೋದಾಗ ಪೆಟ್ಟಿಗೆ ಕಾದಿತ್ತು. ಹೀಗೆ ಮುದ್ದೆಯಾದ ಚೀಟಿ ಕೊಟ್ಟರೆ ಆಸ್ಪತ್ರೆಯವರು ತಗೊಳ್ಳದೇ ಹೋದರೆ ಎನ್ನುವ ಇನ್ನೊಂದು ಹೆದರಿಕೆ ಹುಟ್ಟಿತು. ಹೆದರಿಕೆ ಹುಟ್ಟಿತಲ್ಲ, ಇನ್ನೇನು ಬೇಕು, ಇಸ್ತ್ರಿ ಹಾಕಿದರು.

"ಒಮ್ಮೆ ಆಡಿಸಿದ್ದು ಅಷ್ಟ. ಬೆಳ್ಳಗ ಒಳಗ ಹೋತು, ಕರ್ರಗ ಹೊರಗ ಬಂತು," ಎಂದರು. 

ಸಿಟ್ಟು ನೆತ್ತಿಗೇರಿದಾಗ ನನ್ನ ಬಾಯಲ್ಲಿ 'ನೀವು' ನಿಲ್ಲುವುದಿಲ್ಲ. "ನಿನ್ನ ಕೈಗೆ ಇಷ್ಟು ಬೆಂಕಿ ಬೀಳ! ಫೋನಿನಾಗ ಒಂದು ಫೋಟೋ ಹೊಡಕೊಳ್ಳಾಕ ಏನಾಗಿತ್ತು ನಿನಗ? ನಮ್ಮವ್ವನ ಜೀವದ ಮ್ಯಾಲ ಇಸ್ತ್ರಿ ಹಾಕಿ ಬಂದೀಯಲ್ಲ!" ಎಂದೆ. ವಾರ್ಡಿನವರೆಲ್ಲ ತಿರುಗಿ ನೋಡಿದರು. ನಮ್ಮ ಮನೆಯವರು ತಲೆ ತಗ್ಗಿಸಿ ನಿಂತರು. ಅವರನ್ನು ನೋಡಿ ನನಗೆ ಇನ್ನೂ ಹೆದರಿಕೆಯಾಯಿತು.

ಆಸ್ಪತ್ರೆಯ ಕೌಂಟರಿನಲ್ಲಿ ಸುಲ್ತಾನಾ ಎಂಬ ಹುಡುಗಿ ಕೂರುತ್ತಾಳೆ. ಒಳ್ಳೆಯ ಹುಡುಗಿ. ಕಾಗದವನ್ನು ದೀಪಕ್ಕೆ ಹಿಡಿದು ನೋಡಿದಳು, ಹಿಂದೆ ಮುಂದೆ ತಿರುಗಿಸಿದಳು.

"ಇದು ಬಿಸಿ ತಾಕಿದ್ರ ಕರ್ರಗಾಗೋ ಕಾಗದರಿ ಅಕ್ಕಾ. ಇದರಾಗ ಏನೂ ಉಳಿದಿಲ್ಲ. ದುಡ್ಡು ಮುಟ್ಟೈತಿ ಅಂತ ಅಂಗಡಿಯವ್ರು ಹೇಳಬೇಕು. ನಾಲ್ಕಕ್ಕ ಪಟ್ಟಿ ಹೋಗತೈತಿ, ಆಮ್ಯಾಲ ನನ್ನ ಕೈಯಾಗ ಇಲ್ಲರಿ."

ಸರ್ಜಿಕಲ್ ಅಂಗಡಿಗೆ ಓಡಿದೆವು. ಯಜಮಾನ ವಿಜಯಕುಮಾರ ಆಗಷ್ಟೇ ಊರಿನಿಂದ ಬಂದಿದ್ದ. ನಮ್ಮ ಮಾತು ಕೇಳುತ್ತಾ ಕೇಳುತ್ತಾ ಅವನ ಮುಖವೇ ಬಾಡಿತು.

"ನನಗ ಯಾವ ದುಡ್ಡೂ ಮುಟ್ಟಿಲ್ಲರಿ. ಹುಲಿಗೇಶ ನಿನ್ನೆ ಸಂಜಿ ಸಿರುಗುಪ್ಪಕ್ಕ ಮಾಲು ಕೊಡಾಕ ಹೋದವ, ಅವನ ಮನಿ ಅಲ್ಲೇ ಐತಿ. ಮುಂಜಾನಿ ಬರಬೇಕಿತ್ತು. ಬಂದಿಲ್ಲ. ರಿಸೀಟಿನ ಮಿಷನ್ ಅವನ ಹತ್ರಾನ ಐತಿ. ಫೋನ್ ನಿನ್ನೆಯಿಂದ ಬಂದ್. ನನಗೂ ಎದಿ ಢವಢವ ಅನ್ನಾಕ ಹತ್ತೈತಿ."

"ನಾವು ಕೊಟ್ಟೀವ್ರೀ ಸಾಹುಕಾರ್ರ, ದೇವರಾಣೆ ಕೊಟ್ಟೀವಿ," ಎಂದರು ನಮ್ಮ ಮನೆಯವರು.

"ನೀವು ಕೊಟ್ಟೀರಿ ಅಂದ್ರ ನಾ ಹ್ಯಾಂಗ ನಂಬಲಿ ಅಣ್ಣಾ? ತಗೊಂಡವ ಹೇಳಲಿ. ಅವ ಹೌದು ಅಂದ್ರ ಈಗಿಂದೀಗ ಮಾಲು ಕಳಸ್ತೀನಿ."

ಸಿರುಗುಪ್ಪ ಬಸ್ಸು ಹತ್ತಿ ಕೂತೆವು. ಕಿಟಕಿಯ ಪಕ್ಕ ಅವರು, ಇತ್ತ ನಾನು. ಆ ಕಾಗದ ಇನ್ನೂ ಅವರ ಮುಷ್ಟಿಯಲ್ಲೇ ಇತ್ತು. ಯಜಮಾನನ ಮಾತು ನನ್ನ ತಲೆಯಲ್ಲಿ ಸುತ್ತುತ್ತಿತ್ತು. ರಿಸೀಟು ಎಂದರೆ ಕೊಟ್ಟವರ ಚೀಟಿ ಎಂದೇ ನಾನು ಇಷ್ಟು ದಿನ ತಿಳಿದಿದ್ದೆ, ನಮ್ಮ ಜೇಬಿನಲ್ಲಿ ಇರುತ್ತದಲ್ಲ, ಅದಕ್ಕೆ. ಅದು ನಮ್ಮದಲ್ಲವೇ ಅಲ್ಲ. ಕೊಟ್ಟೆವು ಎಂದು ನಾವು ಬಾಯಿ ಬಡಿದುಕೊಂಡರೂ ಅದು ರಿಸೀಟಾಗುವುದಿಲ್ಲ. ತೆಗೆದುಕೊಂಡವನು ತೆಗೆದುಕೊಂಡೆ ಎನ್ನಬೇಕು. ಆ ಒಂದು ಮಾತನ್ನು ಅವನು ಕಾಗದದ ಮೇಲೆ ನಮಗೆ ಕೊಟ್ಟಿದ್ದ, ನಾವು ಸುಟ್ಟುಕೊಂಡೆವು. ಈಗ ಆ ಮಾತು ಅವನ ಬಾಯಲ್ಲಿ ಮಾತ್ರ ಇದೆ. ಅವನು ಬಾಯಿ ಮುಚ್ಚಿದರೆ ಮುಗಿಯಿತು. 

ಒಂದು ಕೆಟ್ಟ ಯೋಚನೆ ಹಿಂದೆಯೇ ಬಂತು. ನಮ್ಮ ಹತ್ತಿರ ರಿಸೀಟು ಇಲ್ಲವೆಂದು ಹುಲಿಗೇಶನಿಗೆ ಗೊತ್ತಿಲ್ಲ. ಗೊತ್ತಾದರೆ ಆ ದುಡ್ಡು ಅವನದೇ. ಕಳ್ಳನಾಗುವ ಮನಸ್ಸಿಲ್ಲದವನಿಗೂ ನಾವೇ ಬಾಗಿಲು ತೆಗೆದು ಕರೆದಂತೆ.

"ಕೇಳ್ರಿ ಇಲ್ಲಿ. ಅವನ ಮುಂದ ಮುಷ್ಟಿ ಬಿಚ್ಚಬ್ಯಾಡ್ರಿ. ರಿಸೀಟ್ ಆಸ್ಪತ್ರ್ಯಾಗ ಐತಿ, ಸುಮ್ಮನ ಒಮ್ಮೆ ಬಂದು ಹೇಳಿ ಹೋಗು ಅನ್ನೋಣ," ಎಂದೆ.

"ನನಗ ಸುಳ್ಳು ಹೇಳಾಕ ಬರಂಗಿಲ್ಲ ನೇತ್ರಾ."

"ನೀವು ಹೇಳಬ್ಯಾಡ್ರಿ. ನಾ ಹೇಳ್ತೀನಿ. ನೀವು ಬಾಯಿ ಮುಚ್ಕೊಂಡು ನಿಂತ್ರ ಅದ ದೊಡ್ಡ ಉಪಕಾರ."

ತೆಕ್ಕಲಕೋಟೆಯಲ್ಲಿ ಡ್ರೈವರು ಚಹಾ ಕುಡಿಯಲು ಇಳಿದ. ಅಷ್ಟು ನಿಧಾನ ಚಹಾ ಕುಡಿಯುವ ಮನುಷ್ಯನನ್ನು ನಾನು ಹುಟ್ಟಿದ ಮೇಲೆ ಕಂಡಿಲ್ಲ. ಕೆಳಗೆ ಜನ ಓಡಾಡುತ್ತಿದ್ದರು. ಆ ಅಜ್ಜಿಯ ಮನೆಯವರು ಇದೇ ಊರಿನವರಲ್ಲವೇ, ಎಲ್ಲಾದರೂ ಹೆಣ ಹೊತ್ತ ಗುಂಪು ಕಂಡುಬಿಟ್ಟರೆ ಎಂದು ನಾನು ಕಿಟಕಿಯಿಂದ ಮುಖ ತಿರುಗಿಸಿ ಕೂತೆ.

ಸಿರುಗುಪ್ಪದಲ್ಲಿ ಹುಲಿಗೇಶನ ಮನೆ ಬಸ್‌ಸ್ಟ್ಯಾಂಡಿನ ಹಿಂದೆ, ರೈಸ್ ಮಿಲ್ಲಿನ ಸಂದಿಯಲ್ಲಿತ್ತು. ಗಾಳಿಯಲ್ಲೆಲ್ಲ ಭತ್ತದ ದೂಳು. ಬಾಗಿಲು ಮುಚ್ಚಿತ್ತು. ಹೊರಗೆ ಒಂದು ಬೈಕು ಗೋಡೆಗೆ ಒರಗಿತ್ತು, ಹ್ಯಾಂಡಲ್ಲು ಸೊಟ್ಟಗಾಗಿತ್ತು. ಬಡಿದೆವು. ಒಳಗೆ ಓಡಾಡುವ ಸದ್ದು ನಿಂತುಹೋಯಿತು. ಅಡಗಿ ಕೂತಿದ್ದಾನೆ ಎಂದುಕೊಂಡೆ. ಮತ್ತೆ ಬಡಿದ ಮೇಲೆ ಚಿಲಕ ತೆಗೆದವನು ಅವನೇ. ಲುಂಗಿ, ಬನಿಯನ್, ಕೆಂಪಗಿನ ಕಣ್ಣು. ಬಾಗಿಲನ್ನು ಪೂರ್ತಿ ತೆರೆಯದೆ ಸಂದಿಯಲ್ಲೇ ನಿಂತ.

"ಏನಣ್ಣ, ನೀವಿಲ್ಲಿ?" ಎಂದು ನಮ್ಮ ಮನೆಯವರನ್ನು ಕೇಳಿದ.

ಗುರುತು ಹಿಡಿದ. ಅಷ್ಟಕ್ಕೇ ನನಗೆ ಜೀವ ಬಂದಂತಾಯಿತು. ಮುಂದೆ ಬಂದು ನಾನೇ ಹೇಳಿದೆ, "ನಿನ್ನೆ ಬಾಲಿನ ದುಡ್ಡು ಕಟ್ಟಿದ್ವಲ್ಲಪ್ಪ. ಆಸ್ಪತ್ರೆಯವ್ರು ನಿನ್ನ ಬಾಯಿಂದ ಒಂದ್ ಮಾತು ಕೇಳ್ಬೇಕಂತ. ಜರಾ ಬಂದು ಹೇಳಿ ಹೋಗು."

"ನಾ ಯಾಕಕ್ಕಾ? ರಿಸೀಟ್ ಕೊಟ್ಟೀನಲ್ಲ. ಅದೆಲ್ಲೈತಿ?"

"ಆಸ್ಪತ್ರ್ಯಾಗ ಐತಿ."

"ಅಲ್ಲೇ ಇದ್ರ ಮುಗೀತಲ್ಲ. ಅದನ್ನ ತೋರ್ಸಿ ಮಾಲು ತಗೊಳ್ರಿ. ನನ್ನ ಮಾತು ಯಾಕ ಬೇಕು?"

ನನ್ನ ಸುಳ್ಳು ನನ್ನ ಕಾಲಿಗೇ ತೊಡರಿಕೊಂಡಿತು.  ಹುಲಿಗೇಶ ಒಮ್ಮೆ ನನ್ನ ಮುಖ, ಒಮ್ಮೆ ಅವರ ಮುಖ ನೋಡಿದ. ಆಗ ನಮ್ಮ ಮನೆಯವರು ಕೈ ಮುಂದೆ ಚಾಚಿ ಮುಷ್ಟಿ ಬಿಚ್ಚಿಬಿಟ್ಟರು.

"ಇಸ್ತ್ರಿ ಹಾಕಿಬಿಟ್ಟೆ ತಮ್ಮಾ," ಎಂದರು.

ಆ ಗಳಿಗೆಯಲ್ಲಿ ನನ್ನ ಗಂಡನ ಕತ್ತು ಹಿಸುಕಬೇಕೆನ್ನಿಸಿತು, ಇದನ್ನು ಮುಚ್ಚಿಡುವುದಿಲ್ಲ. ಹುಲಿಗೇಶ ಕಾಗದ ತೆಗೆದುಕೊಂಡು ಬೆಳಕಿಗೆ ಹಿಡಿದ. ಉಗುರಿನಿಂದ ಕೆರೆದು ನೋಡಿದ.  

"ಇದರಾಗ ಏನೂ ಇಲ್ಲಲ್ಲಣ್ಣ," ಎಂದ. ಆಮೇಲೆ ಮೆಲ್ಲಗೆ, "ನಾ ತಗೊಂಡೇ ಇಲ್ಲ ಅಂದ್ರ ಏನ್ ಮಾಡ್ತೀರಿ?"

"ಏನ್ ಮಾಡಾಕ ಬರತೈತಿ? ಏನೂ ಮಾಡಾಕ ಬರಂಗಿಲ್ಲ," ಎಂದರು ಇವರು. "ನಮ್ಮತ್ತಿ ಮಂಚದ ಮ್ಯಾಲ ಅದಾಳ. ನೀ ಹೌದು ಅಂದ್ರ ಅಷ್ಟ."

ಹುಲಿಗೇಶ ಕಾಗದ ಹಿಡಿದುಕೊಂಡೇ ಒಳಗೆ ಹೋದ. ಬಾಗಿಲು ಮುಚ್ಚಿಕೊಂಡಿತು. ಒಳಗೆ ಪಿಸುಮಾತು ಶುರುವಾಯಿತು. ಹೆಂಗಸಿನ ದನಿಯೊಂದು ತೆಲುಗಿನಲ್ಲಿ "ವದ್ದು, ವದ್ದಂಟೆ ವಿನು," ಎನ್ನುತ್ತಿತ್ತು. ಬೇಡ, ಬೇಡವೆಂದರೆ ಕೇಳು ಎನ್ನುತ್ತಿದ್ದಾಳೆ. ಈ ಕಡೆಯವರಿಗೆ ಅಷ್ಟು ತೆಲುಗು ಬರದೆ ಇರುತ್ತದೆಯೇ? ಏನು ಬೇಡ? ದುಡ್ಡು ಬಿಡುವುದು ಬೇಡವೋ, ಹೌದು ಎನ್ನುವುದು ಬೇಡವೋ? ನಾನು ಮೆಟ್ಟಿಲ ಮೇಲೆ ಕೂತೆ. ಹಿತ್ತಿಲಲ್ಲಿ ಏನೋ ಬಿದ್ದ ಸದ್ದಾಯಿತು. ಹಿಂದಿನ ಬಾಗಿಲಿನಿಂದ ಹೋಗಿಬಿಟ್ಟ ಎಂದುಕೊಂಡೆ. ಅವ್ವನ ಎದೆಯಲ್ಲಿ ಗೊರಗೊರ ಸದ್ದು ನನಗೆ ಅಲ್ಲಿಂದಲೇ ಕೇಳಿಸತೊಡಗಿತು. ನಮ್ಮ ಮನೆಯವರು ನನ್ನ ಪಕ್ಕ ಕೂತು, ಮೊಣಕಾಲ ಮೇಲಿದ್ದ ನನ್ನ ಸೆರಗಿನ ಸುಕ್ಕನ್ನು ಅಂಗೈಯಿಂದ ತೀಡುತ್ತಿದ್ದರು, ತೀಡುತ್ತಲೇ ಇದ್ದರು. ನಾನು ಬೈಯಲಿಲ್ಲ. ನನಗೂ ಯಾರಾದರೂ ಹಾಗೆ ತೀಡಬೇಕಿತ್ತು.

ಬಾಗಿಲು ತೆರೆಯಿತು. ಹುಲಿಗೇಶ ಶರ್ಟು ಪ್ಯಾಂಟು ಹಾಕಿದ್ದ. ಹೆಗಲಿಗೆ ಒಂದು ಚೀಲ. ಈಗ ಅವನು ಪೂರ್ತಿ ಹೊರಗೆ ಬಂದಾಗಲೇ ನಾನು ಅವನ ಕಾಲು ನೋಡಿದ್ದು. ಮಡಚಿದ ಪ್ಯಾಂಟಿನ ಕೆಳಗೆ ಎಡಗಾಲು ಪಾದದಿಂದ ಮೀನಖಂಡದವರೆಗೆ ಬಾತುಕೊಂಡಿತ್ತು, ಬಟ್ಟೆ ಸುತ್ತಿದ್ದರು. ಹಿಂದೆ ಅವನ ಹೆಂಡತಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು.

"ನಿನ್ನೆ ಊರ ಹತ್ರ ಬರುವಾಗ ಬೈಕ್ ಜಾರಿತಣ್ಣ," ಎಂದ. "ಫೋನ್ ಹೋತು. ಮಿಷನ್ನೂ ಎರಡ್ ಹೋಳಾತು. ದುಡ್ಡು ಎದಿಗೆ ಅಪ್ಕೊಂಡು ಬಿದ್ದೀನಿ, ಅದಕ್ಕ ಕಾಲು ಹಿಂಗಾತು. ದುಡ್ಡು ಈ ಚೀಲದಾಗ ಹಂಗ ಐತಿ. ಮಾಲಕರಿಗೆ ಹ್ಯಾಂಗ ಹೇಳ್ಲಿ ಅಂತ ರಾತ್ರೆಲ್ಲ ನನಗೂ ಹೆದರಿಕಿ. ಯಾರಾದ್ರೂ ಬಾಗಲಾ ಬಡಿದ್ರ ಜೀವ ಹೋದಂಗಾಗ್ತಿತ್ತು. ಈ ಕಾಲಾಗ ಹೋಗಬ್ಯಾಡ ಅಂತಾಳ ಈಕಿ."

ಬೇಡ ಎಂದದ್ದು ಅದಕ್ಕೆ. ನಾನು ಅವಳ ಮುಖ ನೋಡಲಾರದೆ ನೆಲ ನೋಡಿದೆ.

"ಮಿಷನ್ ಇಲ್ಲ, ಹೊಸಾ ಚೀಟಿ ಹರಿಯಾಕ ಬರಂಗಿಲ್ಲ. ಮತ್ತ ಏನ್ ಮಾಡ್ಲಿ? ನಾನ ಬರ್ತೀನಿ ನಡೀರಿ," ಎಂದು ಅವನು ನಮ್ಮ ಮನೆಯವರ ಹೆಗಲ ಮೇಲೆ ಕೈ ಹಾಕಿದ.

ಬಸ್ಸಿನಲ್ಲಿ ಅವನ ಕಾಲನ್ನು ನನ್ನ ತೊಡೆಯ ಮೇಲೆ ಇಡಿಸಿಕೊಂಡು ಕೂತೆ. ಕುಲುಕಿದಾಗಲೆಲ್ಲ ಹಲ್ಲು ಕಚ್ಚುತ್ತಿದ್ದ. ನಾನು ಮಾತ್ರ ಕಂಡಕ್ಟರನಿಗೆ ಬೈಯುತ್ತಿದ್ದೆ, ನಿಲ್ಲಿಸಿದಲ್ಲೆಲ್ಲ ಬೈಯುತ್ತಿದ್ದೆ. ನಾಲ್ಕಕ್ಕೆ ಇನ್ನೂ ಹೊತ್ತಿದೆ ಎಂದು ಅವನು ಹೇಳಿದರೂ ನನಗೆ ನಂಬಿಕೆ ಬರಲಿಲ್ಲ. ಬಳ್ಳಾರಿ ಸಮೀಪಿಸುತ್ತಿದ್ದಂತೆ ಬೇರೊಂದು ಹೆದರಿಕೆ ಹೊಕ್ಕಿತು. ಇವನನ್ನು ಕರೆದುಕೊಂಡು ಹೋದರೂ ಅವ್ವನ ಮಂಚ ಖಾಲಿಯಾಗಿದ್ದರೆ?

ಆಸ್ಪತ್ರೆಯ ಕೌಂಟರಿನ ಮುಂದೆ ಹುಲಿಗೇಶ ಒಂಟಿಕಾಲಿನಲ್ಲಿ ನಿಂತು ಹೇಳಿದ. "ಈರಮ್ಮ, ಕುರುಗೋಡು. ಬಾಲಿನ ದುಡ್ಡು ಪೂರಾ ನನಗ ಮುಟ್ಟೈತಿ." ಸುಲ್ತಾನಾಳ ಫೋನಿನಿಂದ ತನ್ನ ಯಜಮಾನನಿಗೂ ಅದೇ ಮಾತು ಹೇಳಿದ. ಅತ್ತ ಕಡೆಯಿಂದ ಬೈಗುಳ ಕೇಳಿಸಿತು, ಆಮೇಲೆ ಬೈಗುಳ ನಿಂತಿತು. ಮಾಲು ಕಳಿಸುತ್ತಾರಂತೆ. ಸುಲ್ತಾನಾ ಪಟ್ಟಿಯಲ್ಲಿ ಅವ್ವನ ಹೆಸರು ಬರೆದುಕೊಂಡಳು.

ನಾನು ಹೆಸರು ಬರೆಯುವವರೆಗೆ ಮಾತ್ರ ನಿಂತಿದ್ದೆ. ಆಮೇಲೆ ವಾರ್ಡಿಗೆ ಓಡಿದೆ.

ಅವ್ವ ಇದ್ದಳು. ಕಣ್ಣು ಬಾಗಿಲ ಕಡೆಗೇ ಇತ್ತು. ತುಟಿ ಒಣಗಿತ್ತು. "ಮುಂಜಾನಿಂದ ನೋಡಾಕ ಹತ್ತೀನಿ," ಎಂದಳು. "ಆ ಮಂಚದಾಕಿಗೆ ಆ ರಿಸೀಟು ಅನ್ನೋರು ಬರಲಿಲ್ಲಂತ ಕಾಣತೈತಿ. ಅದಕ್ಕ ಹೋಗಿಬಿಟ್ಲು. ನನಗೂ ಬರಂಗಿಲ್ಲೇನೋ ಅಂತ..."  ದಿನವೆಲ್ಲ ಅವಳು ಅಷ್ಟೊಂದು ಹೆದರಿಕೊಂಡು ಒಬ್ಬಳೇ ಮಲಗಿದ್ದಳು. ನಾನು ನಿನ್ನೆ ಒಂದು ಮಾತು ಬಿಡಿಸಿ ಹೇಳಿದ್ದರೆ ಸಾಕಿತ್ತು.

ಹಿಂದೆ ಹುಲಿಗೇಶ ಬಂದ. ಅವ್ವನನ್ನು ನೋಡಿ ಹೋಗುತ್ತೇನೆಂದು ಹಟ ಮಾಡಿದನಂತೆ. ನಮ್ಮ ಮನೆಯವರ ಹೆಗಲು ಹಿಡಿದು, ಕುಂಟುತ್ತಾ, ನೋವಿಗೆ ಬೆವರುತ್ತಾ ಮಂಚದ ಹತ್ತಿರ ಬಂದು ನಿಂತ. ಅವ್ವ ಅವನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದಳು.

"ನೇತ್ರಾ, ಇವರೇ ಏನವ್ವಾ ರಿಸೀಟು?"

ನಮ್ಮ ಮನೆಯವರು ನಕ್ಕಾರೆಂದು ತಿರುಗಿ ನೋಡಿದೆ. ಅವರು ನಗಲಿಲ್ಲ.

"ಹೌದವ್ವಾ," ಎಂದೆ. "ಇವರೇ ರಿಸೀಟು. ಬಂದಾರ."

ಅವ್ವ ಕಷ್ಟಪಟ್ಟು ಎರಡೂ ಕೈ ಜೋಡಿಸಿದಳು. ಆಮೇಲೆ ಅವಳ ಕಣ್ಣು ಅವನ ಬಟ್ಟೆ ಸುತ್ತಿದ ಕಾಲಿನ ಮೇಲೆ ಬಿತ್ತು. "ಅಯ್ಯ ನನ್ನಪ್ಪಾ, ನಿನಗೂ ಕಾಲು ನೋವೇನು? ಈ ಕಾಲಾಗ ಬಂದ್ಯಾ? ಕುಂದ್ರು, ಇಲ್ಲಿ ಕುಂದ್ರು," ಎಂದು ತನ್ನ ಮಂಚದ ಅಂಚನ್ನು ತಟ್ಟಿದಳು.

ಹುಲಿಗೇಶ ಕೂತ. ಬೆಳಿಗ್ಗೆಯಿಂದ ಬೈಯುವುದನ್ನು ಬಿಟ್ಟು ಬೇರೇನೂ ಮಾಡದ ನಾನು ಆಗ ಅತ್ತೆ.